ಕೋಟೆಯಿಂದ ದಂಡಿಗೆ: ಮೈಸೂರು ಸೀಮೆಯ ದುರ್ಗಗಳ ಕೊನೆಯ ಕಾಲ

ಮೈಸೂರು ಸೀಮೆಯ ಬಯಲಿನಲ್ಲಿ ಎದ್ದು ನಿಂತ ಕಲ್ಲುಬೆಟ್ಟಗಳ ಪೈಕಿ ಕೋಟೆ ಕಾಣದ ಬೆಟ್ಟಗಳು ಕಡಿಮೆ. ನಂದಿದುರ್ಗ, ಸಾವನದುರ್ಗ, ಹುತ್ರಿದುರ್ಗ, ಹುಲಿಯೂರುದುರ್ಗ, ಚಿತ್ರದುರ್ಗ, ಮಧುಗಿರಿ, ಪಾವಗಡ ಎಂದು ಊರಿನ ಹೆಸರಿನಲ್ಲೇ ದುರ್ಗ, ಗಿರಿ, ಗಡಗಳು ಸೇರಿಕೊಂಡಿವೆ. ಹಳೆಯ ರಾಜನೀತಿಯ ಗ್ರಂಥಗಳು ಕೋಟೆಗಳನ್ನು ಗಿರಿದುರ್ಗ, ವನದುರ್ಗ, ಜಲದುರ್ಗ, ಸ್ಥಲದುರ್ಗ ಎಂದು ವಿಂಗಡಿಸುತ್ತವೆ. ಈ ಸೀಮೆಯಲ್ಲಿ ನಾಲ್ಕಕ್ಕೂ ಉದಾಹರಣೆ ಸಿಗುತ್ತದೆ. ಸಾವನದುರ್ಗ ಏಕಕಾಲಕ್ಕೆ ಗಿರಿದುರ್ಗವೂ ಹೌದು, ವನದುರ್ಗವೂ ಹೌದು. ಕಾವೇರಿಯ ಎರಡು ಕವಲುಗಳ ನಡುವಿನ ಶ್ರೀರಂಗಪಟ್ಟಣ ಜಲದುರ್ಗ. ಬಯಲಿನ ನಡುವೆ ಕಟ್ಟಿದ ಬೆಂಗಳೂರು ಸ್ಥಲದುರ್ಗ.

ಎತ್ತರದ ಗೋಡೆ ಕೋಟೆಯ ಬಲದ ಒಂದು ಭಾಗ ಮಾತ್ರ. ಮಳೆನೀರು ನಿಲ್ಲುವ ಬಂಡೆಯ ದೊಣೆ, ವರ್ಷಕ್ಕಾಗುವಷ್ಟು ಧಾನ್ಯ ತುಂಬಿದ ಕಣಜ, ಬೆಂಕಿ ತಾಗದಂತೆ ದೂರದಲ್ಲಿಟ್ಟ ಮದ್ದಿನಮನೆ, ಆನೆ ಓಡಿಬಂದು ಗುದ್ದಲಾಗದಂತೆ ತಿರುವು ತಿರುವಾಗಿ ಇರಿಸಿದ ಬಾಗಿಲುಗಳು, ಇವೆಲ್ಲ ಒಂದೇ ಲೆಕ್ಕಾಚಾರದಿಂದ ಹುಟ್ಟಿದವು. ಒಳಗಿನವರು ಶತ್ರುವನ್ನು ಸೋಲಿಸಬೇಕಿರಲಿಲ್ಲ, ಕಾಯಿಸಿದರೆ ಸಾಕಿತ್ತು. ಮಳೆಗಾಲ ಬರುವವರೆಗೆ, ಇಲ್ಲವೇ ಮುತ್ತಿಗೆ ಹಾಕಿದವನ ಮೇವು ಮುಗಿಯುವವರೆಗೆ ತಡೆದು ನಿಂತರೆ ಹೊರಗಿನ ಸೈನ್ಯ ತಾನಾಗಿಯೇ ಕರಗುತ್ತಿತ್ತು. 1791ರಿಂದ 1809ರವರೆಗಿನ ಹದಿನೆಂಟು ವರ್ಷಗಳಲ್ಲಿ ಈ ಲೆಕ್ಕಾಚಾರ ತಲೆಕೆಳಗಾಯಿತು. ಅದರೊಂದಿಗೆ ಮೈಸೂರು ಸೀಮೆಯ ಸೈನಿಕ ನೆಲೆ ಬೆಟ್ಟದಿಂದ ಇಳಿದು, ಗೋಡೆಯೇ ಇಲ್ಲದ ಬಯಲಿಗೆ ಬಂತು.

ಪಾಳೆಯಗಾರರ ಕಲ್ಲು, ಹೈದರನ ಗಾರೆ

ಈ ಕೋಟೆಗಳಲ್ಲಿ ಹಲವು ವಿಜಯನಗರದ ಅಧೀನದಲ್ಲಿದ್ದ ನಾಯಕರು ಮತ್ತು ಪಾಳೆಯಗಾರರ ಕಾಲಕ್ಕೆ ಸೇರಿದವು. ಯಲಹಂಕ ನಾಡಿನ ಕೆಂಪೇಗೌಡ 1537ರ ಸುಮಾರಿಗೆ ಬೆಂಗಳೂರಿನಲ್ಲಿ ಮಣ್ಣಿನ ಕೋಟೆ ಕಟ್ಟಿಸಿ ಪೇಟೆ ನೆಲೆಗೊಳಿಸಿದ. 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಬೆಂಗಳೂರನ್ನು ಗೆದ್ದುಕೊಂಡ ಮೇಲೆ ಅದು ಶಹಾಜಿ ಭೋಸಲೆಯ ಜಹಗೀರಾಯಿತು. ಕೆಂಪೇಗೌಡನ ವಂಶದವರು ಮಾಗಡಿಗೆ ಸರಿದು ಸಾವನದುರ್ಗವನ್ನು ಆಸರೆ ಮಾಡಿಕೊಂಡರು. 1687ರಲ್ಲಿ ಮೊಘಲ್ ಸೇನಾನಿ ಖಾಸಿಂ ಖಾನ್ ಬೆಂಗಳೂರನ್ನು ಹಿಡಿದ. ಮೈಸೂರಿನ ಚಿಕ್ಕದೇವರಾಜ ಒಡೆಯರು ಅದನ್ನು ಮೂರು ಲಕ್ಷ ರೂಪಾಯಿಗೆ ಪಡೆದುಕೊಂಡು ಪೇಟೆಯ ದಕ್ಷಿಣಕ್ಕೆ ಕೋಟೆಯನ್ನು ವಿಸ್ತರಿಸಿದರು. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯ ಸಾವನದುರ್ಗವನ್ನೂ ಗೆದ್ದ. ಮಾಗಡಿಯ ಕೊನೆಯ ಕೆಂಪೇಗೌಡ ಶ್ರೀರಂಗಪಟ್ಟಣದ ಸೆರೆಯಲ್ಲಿ ತೀರಿಕೊಂಡ.

ಹೈದರ್ ಅಲಿಯ ಏಳಿಗೆಗೂ ಬೆಂಗಳೂರು ಕೋಟೆಗೂ ನಂಟಿದೆ. ಜಹಗೀರಾಗಿ ಸಿಕ್ಕ ಈ ಊರಿನ ಮಣ್ಣಿನ ಕೋಟೆಯನ್ನು ಅವನು 1761ರ ಸುಮಾರಿಗೆ ಕಲ್ಲಿನಲ್ಲಿ ಮರುಕಟ್ಟಿಸಿದ. ಮೊಟ್ಟೆಯಾಕಾರದ, ಸುಮಾರು ಒಂದು ಮೈಲಿ ಸುತ್ತಳತೆಯ ಆ ಕೋಟೆಗೆ ದುಂಡು ಕೊತ್ತಲಗಳು, ಆಳವಾದ ಕಂದಕ, ಪೇಟೆಯ ಕಡೆಗೆ ದೆಹಲಿ ಬಾಗಿಲು ಇದ್ದವು. 1763ರಲ್ಲಿ ಬಿದನೂರು, 1779ರಲ್ಲಿ ಮದಕರಿ ನಾಯಕನ ಚಿತ್ರದುರ್ಗ ಹೈದರನ ವಶವಾದವು. ಏಳು ಸುತ್ತಿನ ಚಿತ್ರದುರ್ಗದ ಕಿಂಡಿಯೊಂದರಲ್ಲಿ ಒನಕೆ ಹಿಡಿದು ನಿಂತ ಓಬವ್ವನ ಕತೆ ಈ ಮುತ್ತಿಗೆಗಳ ಕಾಲದ್ದೇ.

ಹೀಗೆ ನೂರಾರು ಪಾಳೆಯಗಾರರ ಕೋಟೆಗಳು ಒಬ್ಬನೇ ದೊರೆಯ ಕೈಗೆ ಬಂದವು. ಆದರೂ ಹೈದರನ ಯುದ್ಧದ ಕಸುವು ಇದ್ದದ್ದು ಗೋಡೆಯ ಹಿಂದೆ ಕೂರುವುದರಲ್ಲಲ್ಲ, ವೇಗದಲ್ಲಿ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂಬ ಹೆಸರಿನಲ್ಲಿದ್ದ ಅರಮನೆಯ ದನದ ಇಲಾಖೆ ಹೈದರನ ಕೈಯಲ್ಲಿ ಸೈನ್ಯದ ಬೆನ್ನೆಲುಬಾಯಿತು. ಅವನ ಮಗ ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ಈ ತಳಿಯ ಎತ್ತುಗಳ ಬಲದಿಂದಲೇ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿ ಚಿದಂಬರ ತಲುಪಿದ ಎಂದು ಇಲಾಖೆಯ ಚರಿತ್ರೆಯಲ್ಲಿ ದಾಖಲಾಗಿದೆ. ಕೋಟೆ ಸೈನ್ಯಕ್ಕೆ ತಂಗುದಾಣ, ಎತ್ತು ಅದರ ಕಾಲು. ಮುಂದಿನ ಯುದ್ಧಗಳ ಫಲಿತಾಂಶ ನಿಂತದ್ದು ಈ ಎರಡರಲ್ಲಿ ಯಾವುದು ಯಾರ ಪಾಲಾಯಿತು ಎಂಬುದರ ಮೇಲೆ.

ಬೆಳದಿಂಗಳ ಲಗ್ಗೆ

1789ರ ಡಿಸೆಂಬರ್ ಕೊನೆಯಲ್ಲಿ ಟಿಪ್ಪು ಸುಲ್ತಾನ್ ತಿರುವಾಂಕೂರಿನ ಗಡಿಗೋಡೆಯ ಮೇಲೆ ದಾಳಿ ಮಾಡಿದ. ತಿರುವಾಂಕೂರು ಈಸ್ಟ್ ಇಂಡಿಯಾ ಕಂಪನಿಯ ಮಿತ್ರರಾಜ್ಯವಾಗಿದ್ದರಿಂದ ಮೂರನೆಯ ಮೈಸೂರು ಯುದ್ಧ ಆರಂಭವಾಯಿತು. 1790ರಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಪುಣೆಯ ಪೇಶ್ವೆ ಮತ್ತು ಹೈದರಾಬಾದಿನ ನಿಜಾಮನೊಡನೆ ಒಪ್ಪಂದ ಮಾಡಿಕೊಂಡ. ಆ ವರ್ಷ ಕೊಯಮತ್ತೂರು ಕಡೆಯಿಂದ ಜನರಲ್ ಮೆಡೋಸ್ ನಡೆಸಿದ ದಂಡಯಾತ್ರೆ ಫಲ ಕೊಡಲಿಲ್ಲ. 1791ರ ಆರಂಭದಲ್ಲಿ ಕಾರ್ನ್‌ವಾಲಿಸ್ ಖುದ್ದಾಗಿ ಸೇನೆಯ ಹೊಣೆ ಹೊತ್ತು, ಆಂಬೂರು ಕಡೆಯಿಂದ ಬರುವಂತೆ ತೋರಿಸಿ, ಟಿಪ್ಪುವಿನ ಕಣ್ಣು ತಪ್ಪಿಸಿ ಮುಗಳಿ ಕಣಿವೆಯ ಮೂಲಕ ಘಟ್ಟ ಹತ್ತಿದ. ಕೋಲಾರ, ಹೊಸಕೋಟೆಗಳು ಹೋರಾಟವಿಲ್ಲದೆ ಅವನ ಕೈಸೇರಿದವು. ಮಾರ್ಚ್ 5ರಂದು ಅವನ ಸೈನ್ಯ ಬೆಂಗಳೂರಿನ ಮುಂದೆ ಬೀಡುಬಿಟ್ಟಿತು.

ಮೊದಲು ಬಿದ್ದದ್ದು ಪೇಟೆ. ಕಂದಕ ಮತ್ತು ಮುಳ್ಳುಬೇಲಿಯಿಂದ ಸುತ್ತುವರಿದಿದ್ದ ಪೇಟೆಯ ಬಾಗಿಲನ್ನು ಮಾರ್ಚ್ 7ರಂದು ಕಂಪನಿಯ ಸೈನಿಕರು ಒಡೆದು ನುಗ್ಗಿದರು. ಫಿರಂಗಿ ದಳದ ಹೆಸರಾಂತ ಅಧಿಕಾರಿ ಮೂರ್‌ಹೌಸ್ ಅಲ್ಲಿ ಸತ್ತ. ಅದೇ ದಿನ ಪೇಟೆಯನ್ನು ಮರಳಿ ಪಡೆಯಲು ಮೈಸೂರಿನವರು ಬೀದಿಬೀದಿಯಲ್ಲಿ ಹೋರಾಡಿದರೂ ಆಗಲಿಲ್ಲ. ಪೇಟೆಯಲ್ಲಿ ಸಿಕ್ಕ ಧಾನ್ಯ ಮುತ್ತಿಗೆಕಾರರ ಹಸಿವನ್ನು ಕೆಲವು ದಿನ ನೀಗಿಸಿತು.

ನಂತರದ ಎರಡು ವಾರ ವಿಚಿತ್ರವಾದ ಮುತ್ತಿಗೆ ನಡೆಯಿತು. ಕಂಪನಿಯ ಸೈನ್ಯಕ್ಕೆ ಕೋಟೆಯನ್ನು ಸುತ್ತಲೂ ಆವರಿಸುವಷ್ಟು ಜನಬಲ ಇರಲಿಲ್ಲ. ಕೆಲವೇ ಮೈಲಿ ದೂರದಲ್ಲಿ ಟಿಪ್ಪುವಿನ ಇಡೀ ಸೇನೆ ಕಾದಿತ್ತು. ಕೋಟೆಯೊಳಗಿನವರಿಗೆ ಹೊಸ ಪಡೆ ಬರುತ್ತಿತ್ತು, ಹೊರಗಿನವರ ಎತ್ತುಗಳು ಮೇವಿಲ್ಲದೆ ಸಾಯುತ್ತಿದ್ದವು. ಮುತ್ತಿಗೆ ಹಾಕಿದವರೇ ಮುತ್ತಿಗೆಗೆ ಒಳಗಾದಂತಿತ್ತು. ದಿನ ತಳ್ಳಿದಷ್ಟೂ ಅಪಾಯ ಹೆಚ್ಚುವುದನ್ನು ಕಂಡ ಕಾರ್ನ್‌ವಾಲಿಸ್, ದೆಹಲಿ ಬಾಗಿಲಿನ ಬಳಿಯ ಗೋಡೆಯಲ್ಲಿ ಫಿರಂಗಿಗಳು ಕಂಡಿ ತೆರೆದ ಕೂಡಲೇ ಮಾರ್ಚ್ 21ರ ರಾತ್ರಿ ಬೆಳದಿಂಗಳಲ್ಲಿ ಲಗ್ಗೆಗೆ ಅಪ್ಪಣೆ ಕೊಟ್ಟ. ಕಿಲ್ಲೇದಾರ ಬಹಾದೂರ್ ಖಾನ್ ಹೋರಾಡುತ್ತಲೇ ಸತ್ತ. ಬೆಳಗಾಗುವಷ್ಟರಲ್ಲಿ ಕೋಟೆಯೊಳಗೆ ಸಾವಿರಕ್ಕೂ ಹೆಚ್ಚು ಹೆಣಗಳು ಬಿದ್ದಿದ್ದವು. ಬಹಾದೂರ್ ಖಾನನ ದೇಹವನ್ನು ಗೌರವದಿಂದ ಮಣ್ಣು ಮಾಡಲು ಒಪ್ಪಿಸುವುದಾಗಿ ಕಾರ್ನ್‌ವಾಲಿಸ್ ಟಿಪ್ಪುವಿಗೆ ಹೇಳಿಕಳಿಸಿದ.

ಬೆಂಗಳೂರು ಕೈತಪ್ಪಿದ್ದರ ಬಗ್ಗೆ ಸಮಕಾಲೀನರ ಮಾತು ಒಂದೇ ತೆರನಾಗಿಲ್ಲ. ಟಿಪ್ಪುವಿನ ಆಸ್ಥಾನದ ಚರಿತ್ರಕಾರ ಕಿರ್ಮಾನಿ ಒಳಗಿನವರ ದ್ರೋಹಕ್ಕೆ ಹೆಚ್ಚಿನ ಹೊಣೆ ಹೊರಿಸುತ್ತಾನೆ. ಕಂಪನಿಯ ಅಧಿಕಾರಿಗಳು ಬರೆದ ವೃತ್ತಾಂತಗಳಲ್ಲಿ ಲಗ್ಗೆಯ ದಿಢೀರ್ ಪೆಟ್ಟಿಗೇ ಮಹತ್ವ. ಇಷ್ಟು ಮಾತ್ರ ನಿಶ್ಚಿತ: ಪಕ್ಕದಲ್ಲೇ ಇಡೀ ಸೈನ್ಯವಿದ್ದೂ ಅರ್ಧ ಮಾತ್ರ ಸುತ್ತುವರಿದ ಕೋಟೆಯೊಂದನ್ನು ಮೈಸೂರು ಉಳಿಸಿಕೊಳ್ಳಲಾಗಲಿಲ್ಲ.

ಕನ್ನಂಬಾಡಿಯಲ್ಲಿ ಸಿಡಿದ ಫಿರಂಗಿಗಳು

ಬೆಂಗಳೂರು ಸಿಕ್ಕ ಮೇಲೆ ಶ್ರೀರಂಗಪಟ್ಟಣ ದೂರವಿಲ್ಲ ಎಂದು ಕಾರ್ನ್‌ವಾಲಿಸ್ ಭಾವಿಸಿದ. ನಿಜಾಮನ ಕುದುರೆ ಪಡೆಯನ್ನು ಕೂಡಿಕೊಂಡು ಮೇ ಮೊದಲ ವಾರ ಹೊರಟ. ಚನ್ನಪಟ್ಟಣದ ಹಾದಿಯ ಊರುಗಳನ್ನು ಟಿಪ್ಪು ಬರಿದು ಮಾಡಿಸಿದ್ದ. ಮೇವನ್ನು ಸುಡಿಸಿ, ಜನರನ್ನು ದೂರ ಸಾಗಿಸಿದ್ದ. ಹೀಗಾಗಿ ಸೈನ್ಯ ಕಾನಕಾನಹಳ್ಳಿಯ ಕಡಿದಾದ ಹಾದಿ ಹಿಡಿಯಿತು. ಅಲ್ಲಿಯೂ ಪರಿಸ್ಥಿತಿ ಬೇರೆಯಾಗಿರಲಿಲ್ಲ.

ಮೇ 15ರಂದು ಅರಕೆರೆಯ ಬಳಿ ನಡೆದ ಕಾಳಗದಲ್ಲಿ ಕಂಪನಿಯ ಕೈ ಮೇಲಾಯಿತು. ಟಿಪ್ಪು ದ್ವೀಪದೊಳಕ್ಕೆ ಸರಿದ. ಆದರೆ ಗೆದ್ದ ಸೈನ್ಯಕ್ಕೆ ಗೆಲುವನ್ನು ಬಳಸಿಕೊಳ್ಳುವ ಶಕ್ತಿ ಉಳಿದಿರಲಿಲ್ಲ. ಮಳೆ ಮುಂಚೆಯೇ ಹಿಡಿದು ಕಾವೇರಿ ಏರಿತು. ಎತ್ತುಗಳಿಗೆ ರೋಗ ಬಡಿದು ಸಾಲುಸಾಲಾಗಿ ಸತ್ತವು. ಸಿಡುಬು ಹರಡಿತು, ಅಕ್ಕಿ ಮುಗಿಯಿತು. ಕೋಟೆ ಒಡೆಯುವ ದೊಡ್ಡ ಫಿರಂಗಿಗಳನ್ನು ಸೈನಿಕರೇ ಎಳೆದರು. ಕೇರಳದ ಕಡೆಯಿಂದ ಪಿರಿಯಾಪಟ್ಟಣದವರೆಗೆ ಬಂದಿದ್ದ ಅಬರ್‌ಕ್ರಾಂಬಿಯ ಮುಂಬಯಿ ಸೈನ್ಯಕ್ಕೆ ಹಿಂದಿರುಗುವಂತೆ ಆಜ್ಞೆ ಹೋಯಿತು. ಮೇ 22ರಂದು ಕನ್ನಂಬಾಡಿಯಲ್ಲಿ ಕಾರ್ನ್‌ವಾಲಿಸ್ ತನ್ನ ಮುತ್ತಿಗೆ ಫಿರಂಗಿಗಳನ್ನು ತಾನೇ ಸಿಡಿಸಿ ಹಾಳುಮಾಡಿಸಿ, ಬೆಂಗಳೂರಿನತ್ತ ತಿರುಗಿದ. ಇಂದು ಕೃಷ್ಣರಾಜಸಾಗರ ಅಣೆಕಟ್ಟು ನಿಂತಿರುವುದು ಆ ಕನ್ನಂಬಾಡಿಯಲ್ಲೇ.

ಮೇ 26ರಂದು ಮೇಲುಕೋಟೆಯ ಬಳಿ ಕುದುರೆ ದಂಡೊಂದು ಎದುರಾಯಿತು. ಮೊದಲು ಶತ್ರುವೆಂದು ತಿಳಿದದ್ದು ಹರಿಪಂತ ಫಡ್ಕೆ ಮತ್ತು ಪರಶುರಾಮ ಭಾವುವಿನ ಮರಾಠಾ ಸೈನ್ಯವಾಗಿತ್ತು. ಆರು ತಿಂಗಳಿಗೂ ಹೆಚ್ಚು ಕಾಲ ಧಾರವಾಡ ಕೋಟೆಗೆ ಮುತ್ತಿಗೆ ಹಾಕಿ, ಏಪ್ರಿಲ್‌ನಲ್ಲಿ ಅದನ್ನು ಟಿಪ್ಪುವಿನ ಕಿಲ್ಲೇದಾರ ಬದರುಜ್ಜಮಾನ್ ಖಾನನಿಂದ ಬಿಡಿಸಿಕೊಂಡು ಪರಶುರಾಮ ಭಾವು ಬಂದಿದ್ದ. ಮರಾಠರು ಹತ್ತಿರವಾಗುತ್ತಿರುವ ಸುದ್ದಿ ಕಾರ್ನ್‌ವಾಲಿಸನಿಗೆ ತಲುಪದಂತೆ ಮೈಸೂರಿನ ಸವಾರರು ಹಾದಿ ಕಟ್ಟಿದ್ದರು. ಕೆಲವೇ ದಿನ ಮೊದಲು ಒಂದು ಪತ್ರ ಮುಟ್ಟಿದ್ದರೆ ಫಿರಂಗಿಗಳು ಉಳಿಯುತ್ತಿದ್ದವು. ಮರಾಠರ ಪಾಳೆಯದ ಬಜಾರಿನಲ್ಲಿ ದುಬಾರಿ ಬೆಲೆಗೆ ಸಿಕ್ಕ ಧಾನ್ಯ ಹಸಿದ ಸೈನ್ಯವನ್ನು ಬದುಕಿಸಿತು.

ಇಡೀ ಯುದ್ಧದ ತಿರುವು ಈ ಹಿಮ್ಮೆಟ್ಟುವಿಕೆಯಲ್ಲಿದೆ. ಶ್ರೀರಂಗಪಟ್ಟಣದ ಗೋಡೆಗೆ ಒಂದು ಗುಂಡೂ ತಾಗಿರಲಿಲ್ಲ, ಆದರೂ ಕೋಟೆ ಗೆದ್ದಿತ್ತು. ಕಾಯಿಸಿ ಕರಗಿಸುವ ಹಳೆಯ ಲೆಕ್ಕಾಚಾರ ಕೊನೆಯ ಬಾರಿ ಸರಿಯಾಗಿ ಫಲಿಸಿತ್ತು. ಕಾರ್ನ್‌ವಾಲಿಸ್ ಅದರಿಂದ ಪಾಠ ಕಲಿತ. ಮುಂದಿನ ಎಂಟು ತಿಂಗಳು ಅವನು ರಾಜಧಾನಿಯ ಮಾತೆತ್ತದೆ ಹಾದಿಯ ಚಿಂತೆ ಮಾಡಿದ.

ಬೆಟ್ಟಗಳ ಸರದಿ

ಹಾದಿ ಭದ್ರವಾಗಬೇಕಾದರೆ ಅದರ ಮೇಲೆ ಕಣ್ಣಿಟ್ಟ ಗಿರಿದುರ್ಗಗಳು ಕೈಸೇರಬೇಕಿತ್ತು. ಮದ್ರಾಸಿನಿಂದ ಬಾರಾಮಹಲ್ ಸೀಮೆಯ ಮೂಲಕ ಬರುವ ಸಾಮಗ್ರಿಗೆ ಹೊಸೂರು ಮತ್ತು ರಾಯಕೋಟೆ ಅಡ್ಡ. ನಿಜಾಮನ ರಾಜ್ಯದಿಂದ ಇಳಿಯುವ ಉತ್ತರದ ಹಾದಿಗೆ ನಂದಿದುರ್ಗ ಅಡ್ಡ. ಬೆಂಗಳೂರಿಗೂ ಶ್ರೀರಂಗಪಟ್ಟಣಕ್ಕೂ ನಡುವೆ ಸಾವನದುರ್ಗ, ಹುತ್ರಿದುರ್ಗ, ರಾಮಗಿರಿಗಳು ಅಡ್ಡ. ಜುಲೈಯಲ್ಲಿ ಹೊಸೂರು ಮತ್ತು ರಾಯಕೋಟೆ ಬಿದ್ದವು. ಅದೇ ಹೊತ್ತಿಗೆ ಲಮಾಣಿಗಳ ಸಹಾಯ ಪಡೆಯುವ ವ್ಯವಸ್ಥೆಯೂ ಆಯಿತು. ಸಾವಿರಾರು ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು, ಯಾರು ಬೆಲೆ ಕೊಟ್ಟರೆ ಅವರ ದಂಡಿಗೆ ಒದಗಿಸುತ್ತಿದ್ದ ಈ ಸಂಚಾರಿ ವ್ಯಾಪಾರಿಗಳು ಅಂದಿನ ದಖ್ಖನಿನ ಯುದ್ಧಗಳ ಜೀವನಾಡಿಯಾಗಿದ್ದರು. ಅವರೊಡನೆ ವ್ಯವಹರಿಸುವ ಹೊಣೆ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡನ ಮೇಲಿತ್ತು.

ನಂದಿದುರ್ಗ ಸಮುದ್ರ ಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಮೂರು ಕಡೆ ಕಡಿದಾದ ಬಂಡೆ, ಹತ್ತಬಹುದಾದ ಒಂದೇ ಕಡೆ ಎರಡು ಸುತ್ತಿನ ಗೋಡೆ. ಲುತ್ಫ್ ಅಲಿ ಬೇಗ್ ಅದರ ಕಾವಲಿಗಿದ್ದ. ಮೇಜರ್ ಗೌಡಿಯ ಪಡೆ ಬೆಟ್ಟದ ಮೈಯಲ್ಲೇ ಹಾದಿ ಕಡಿದು, ಆನೆಗಳ ನೆರವಿನಿಂದ ಫಿರಂಗಿಗಳನ್ನು ಮೇಲಕ್ಕೆಳೆಯಿತು. ಸುಮಾರು ಮೂರು ವಾರದ ದುಡಿಮೆಯ ನಂತರ ಗೋಡೆಯಲ್ಲಿ ಎರಡು ಕಂಡಿಗಳು ಬಿದ್ದವು. ಅಕ್ಟೋಬರ್ 18ರ ರಾತ್ರಿ, ಚಂದ್ರ ಮೂಡುವ ಹೊತ್ತಿಗೆ, ಮೆಡೋಸನ ಸಮ್ಮುಖದಲ್ಲಿ ಲಗ್ಗೆ ನಡೆಯಿತು. ಒಳಗಿನವರು ದೊಡ್ಡ ಬಂಡೆಗಳನ್ನು ಉರುಳಿಸಿದರು. ಹೊರಗಿನ ಗೋಡೆ ದಾಟಿದವರು ಒಳಬಾಗಿಲನ್ನು ಭದ್ರಪಡಿಸಲು ಬಿಡುವು ಕೊಡದೆ ನುಗ್ಗಿದರು. ಬೆಳಗಿನ ಹೊತ್ತಿಗೆ ದುರ್ಗ ಅವರದಾಗಿತ್ತು.

ಎಲ್ಲ ಬೆಟ್ಟಗಳೂ ಹೀಗೆ ಬಾಗಲಿಲ್ಲ. ನವೆಂಬರ್ 7ರಂದು ಕೃಷ್ಣಗಿರಿಯ ಕೆಳಪೇಟೆಯನ್ನು ಹಿಡಿದ ಕಂಪನಿಯ ಸೇನಾನಿ ಮ್ಯಾಕ್ಸ್‌ವೆಲ್, ಓಡುತ್ತಿದ್ದವರ ಬೆನ್ನಟ್ಟಿ ಅವರೊಂದಿಗೇ ಮೇಲಿನ ಕೋಟೆಯೊಳಕ್ಕೆ ನುಸುಳಲು ನೋಡಿದ. ಬಾಗಿಲು ಸರಿಯಾದ ಹೊತ್ತಿಗೆ ಮುಚ್ಚಿಕೊಂಡಿತು. ಮೇಲಿನಿಂದ ಕಲ್ಲಿನ ಮಳೆ ಸುರಿಯಿತು. ದಾಳಿಕಾರರು ಪೇಟೆಗೆ ಬೆಂಕಿ ಹಚ್ಚಿ ಹಿಂದೆ ಸರಿದರು. ಆನೆ, ಫಿರಂಗಿ, ಬಿಡುವಿನ ಸಮಯ ಇಲ್ಲದವರಿಗೆ ಗಿರಿದುರ್ಗ ಇನ್ನೂ ದುರ್ಗಮವೇ ಆಗಿತ್ತು.

ಡಿಸೆಂಬರಿನಲ್ಲಿ ಸಾವನದುರ್ಗದ ಸರದಿ. 1,226 ಮೀಟರ್ ಎತ್ತರದ ಈ ಏಕಶಿಲೆಯ ಬೆಟ್ಟದ ಸುತ್ತ ದಟ್ಟ ಬಿದಿರುಕಾಡಿತ್ತು. ಕಾಡಿನ ಜ್ವರ ಮುತ್ತಿಗೆಕಾರರನ್ನು ಕೊಲ್ಲುತ್ತದೆ ಎಂಬ ಹೆಸರಿತ್ತು. ಬೆಟ್ಟದ ನೆತ್ತಿಯನ್ನು ಆಳವಾದ ಕಂದರವೊಂದು ಕರಿಗುಡ್ಡ, ಬಿಳಿಗುಡ್ಡ ಎಂದು ಎರಡಾಗಿ ಸೀಳುತ್ತದೆ. ಎರಡರ ಮೇಲೂ ಕೋಟೆಯಿದ್ದುದರಿಂದ ಒಂದು ಹೋದರೂ ಇನ್ನೊಂದರಲ್ಲಿ ಹೋರಾಡಬಹುದಿತ್ತು. ಲೆಫ್ಟಿನೆಂಟ್ ಕರ್ನಲ್ ಸ್ಟುವರ್ಟನ ಪಡೆ ಬಿದಿರು ಕಡಿದು ಹಾದಿ ಮಾಡಿಕೊಂಡು ಫಿರಂಗಿಗಳನ್ನು ತಂದಿತು. ಡಿಸೆಂಬರ್ 17ರಂದು ಗುಂಡಿನ ದಾಳಿ ಶುರುವಾಯಿತು. 21ರಂದು ಹಾಡಹಗಲೇ, 52ನೇ ರೆಜಿಮೆಂಟಿನ ವಾದ್ಯದವರು ರಣಗೀತೆ ನುಡಿಸುತ್ತಿರಲು, ಸೈನಿಕರು ಬಂಡೆ ಹತ್ತಿದರು. ಕಾವಲಿನವರು ಒಂದು ಗುಡ್ಡದಿಂದ ಇನ್ನೊಂದಕ್ಕೆ ಓಡುವಾಗ ದಾಳಿಕಾರರು ಬೆನ್ನಿಗೇ ಸೇರಿಕೊಂಡರು. ಸುಮಾರು ಒಂದು ಗಂಟೆಯಲ್ಲಿ ಎಲ್ಲ ಮುಗಿಯಿತು. ಎರಡಾಗಿ ಕಟ್ಟಿದ್ದ ಆಸರೆಯೇ ಓಟಕ್ಕೆ ದಾರಿಯಾಗಿತ್ತು. ಒಂದು ವಾರದೊಳಗೆ ರಾಮಗಿರಿ, ಹುತ್ರಿದುರ್ಗ ಮೊದಲಾದವು ಕಂಪನಿಯ ಕೈಗೆ ಬಂದವು.

ಬೆಟ್ಟದ ಕೋಟೆಗಳು ಇಷ್ಟು ಬೇಗ ಬಿದ್ದುದಕ್ಕೆ ಅಂದಿನ ಇಂಗ್ಲಿಷ್ ಬರಹಗಾರರು ತಮ್ಮವರ ಧೈರ್ಯವನ್ನೇ ಮುಂದು ಮಾಡುತ್ತಾರೆ. ಕಾರಣಗಳು ಅದಕ್ಕಿಂತ ಹೆಚ್ಚು. ಪಾಳೆಯಗಾರರ ಕಾಲದಲ್ಲಿ ದುರ್ಗವನ್ನು ಕಾಯುತ್ತಿದ್ದವರು ಅಲ್ಲೇ ಹುಟ್ಟಿ ಬೆಳೆದವರು. ಅವರ ಮನೆ, ಗುಡಿ, ಹೊಲಗಳು ಆ ಬೆಟ್ಟದ ಬುಡದಲ್ಲೇ ಇದ್ದವು. ಹೈದರ್ ಮತ್ತು ಟಿಪ್ಪು ಪಾಳೆಯಗಾರರನ್ನು ಅಡಗಿಸಿ, ದೂರದಿಂದ ಬಂದ ಕಿಲ್ಲೇದಾರ ಮತ್ತು ಸಂಬಳದ ಸಿಪಾಯಿಗಳನ್ನು ಅಲ್ಲಿಟ್ಟರು. ಫಿರಂಗಿಯನ್ನು ಬೆಟ್ಟಕ್ಕೆ ಎಳೆಯಲಾಗದು ಎಂಬ ನಂಬಿಕೆಯ ಮೇಲೆ ಕಟ್ಟಿದ ಗೋಡೆಗೆ ಫಿರಂಗಿ ಎದುರಾದಾಗ ಉತ್ತರವಿರಲಿಲ್ಲ. ಮೇಲಾಗಿ, ನೆರವಿಗೆ ಬರಬೇಕಿದ್ದ ಸೈನ್ಯವನ್ನು ಮೂರು ದಿಕ್ಕಿನ ಶತ್ರುಗಳು ಕಟ್ಟಿಹಾಕಿದ್ದರು.

ತಾನೇ ಕೆಡವಿದ ಕೋಟೆ

1792ರ ಫೆಬ್ರವರಿ ಆರಂಭದಲ್ಲಿ ಮಿತ್ರಸೈನ್ಯ ಮತ್ತೆ ಕಾವೇರಿಯ ದಂಡೆಗೆ ಬಂದಾಗ ಹಿಂದಿನ ವರ್ಷದ ಹಸಿವು ಇರಲಿಲ್ಲ. 6ರ ರಾತ್ರಿ ಮೂರು ಸಾಲುಗಳಾಗಿ ನದಿಯ ಉತ್ತರದ ಬೀಡಿನ ಮೇಲೆ ದಾಳಿ ನಡೆಯಿತು. ಒಂದು ಪಡೆ ದ್ವೀಪದೊಳಕ್ಕೇ ದಾಟಿತು. ಟಿಪ್ಪುವಿನ ಲಾಲ್‌ಬಾಗ್ ತೋಟದ ಮರಗಳನ್ನು ಕಡಿದು ಮುತ್ತಿಗೆಯ ಮರೆಗಳನ್ನು ಕಟ್ಟಲಾಯಿತು. ಗೋಡೆ ಒಡೆಯುವ ಮೊದಲೇ ಸಂಧಾನ ಕುದುರಿತು. ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಗಂಡುಮಕ್ಕಳು, ಇದು ಒಪ್ಪಂದದ ಬೆಲೆ. ಬಾರಾಮಹಲ್, ದಿಂಡಿಗಲ್, ಮಲಬಾರು ಕಂಪನಿಗೆ ಸೇರಿದವು. ಕೊಡಗು ಟಿಪ್ಪುವಿನ ಹಿಡಿತದಿಂದ ಹೊರಬಂತು. ಮ್ಯಾಕ್ಸ್‌ವೆಲ್ ಗೆಲ್ಲಲಾಗದ ಕೃಷ್ಣಗಿರಿ ಕಾಗದದ ಮೇಲಿನ ಸಹಿಯಿಂದ ಕೈಬದಲಾಯಿತು.

ಬೆಂಗಳೂರು ಟಿಪ್ಪುವಿಗೆ ಮರಳಿ ಸಿಕ್ಕಿತು. ಅವನು ಅದನ್ನು ದುರಸ್ತಿ ಮಾಡಿಸದೆ ಕೋಟೆಯ ಗೋಡೆಗಳನ್ನು ಕೆಡವಿಸಿದ. ತನಗೆ ಆಸರೆಯಾಗದ ಕೋಟೆ ಮುಂದಿನ ಬಾರಿ ಶತ್ರುವಿಗೆ ಉಗ್ರಾಣವಾಗಬಾರದು ಎಂಬುದು ಇದರ ಹಿಂದಿನ ಯೋಚನೆ. ತಂದೆ ಕಲ್ಲಿನಲ್ಲಿ ಕಟ್ಟಿಸಿದ್ದನ್ನು ಮಗ ಕೆಡವಿದ. ಮೈಸೂರು ಊರಿನ ಹಳೆಯ ಕೋಟೆಯನ್ನೂ ಅವನು ಅದಕ್ಕೂ ಮೊದಲೇ ಕೆಡವಿಸಿ, ಆ ಕಲ್ಲುಗಳಿಂದ ನಜರಬಾದ್ ಎಂಬ ಹೊಸ ಕೋಟೆ ಕಟ್ಟಿಸಲು ತೊಡಗಿದ್ದ. ಇನ್ನೊಂದೆಡೆ ಸಕಲೇಶಪುರದ ಬಳಿ ಎಂಟು ಮೂಲೆಯ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ಎದ್ದಿತು. ಮೂಲೆಮೂಲೆಯಿಂದಲೂ ಪಕ್ಕದ ಗೋಡೆಯ ಬುಡಕ್ಕೆ ಗುಂಡು ಹಾರಿಸಬಹುದಾದ ಈ ವಿನ್ಯಾಸ ಯೂರೋಪಿನದು. ದಕ್ಷಿಣ ಕನ್ನಡದ ಜಮಲಾಬಾದ್ ದುರ್ಗವೂ ಈ ವರ್ಷಗಳದ್ದೇ. ಶ್ರೀರಂಗಪಟ್ಟಣಕ್ಕೆ ಒಳಗೋಡೆ ಮತ್ತು ಒಳಕಂದಕ ಸೇರಿದವು. ಹೀಗೆ ಬಯಲಿನ ನೆಲೆಗಳನ್ನು ಬಿಟ್ಟುಕೊಟ್ಟು, ಸಾಧ್ಯವಿದ್ದ ಬಲವನ್ನೆಲ್ಲ ಒಂದೇ ದ್ವೀಪದಲ್ಲಿ ರಾಶಿ ಹಾಕಿದಂತಾಯಿತು.

1799ರ ಮೇ 4

1799ರ ನಾಲ್ಕನೆಯ ಮೈಸೂರು ಯುದ್ಧದಲ್ಲಿ ಕಂಪನಿಯ ಸೇನಾಪತಿ ಜನರಲ್ ಹ್ಯಾರಿಸ್ ದಾರಿಯ ಕೋಟೆಗಳಿಗಾಗಿ ನಿಲ್ಲಲೇ ಇಲ್ಲ. ಬಾರಾಮಹಲಿನ ದುರ್ಗಗಳು ಏಳು ವರ್ಷದಿಂದ ಕಂಪನಿಯವೇ. ಬೆಂಗಳೂರಿನಲ್ಲಿ ಮುತ್ತಲು ಏನೂ ಉಳಿದಿರಲಿಲ್ಲ. ಹತ್ತಾರು ಸಾವಿರ ಎತ್ತುಗಳೊಂದಿಗೆ ಹೊರಟ ಸೈನ್ಯ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಕಾದಾಡಿ, ಸೋಸಲೆಯ ಬಳಿ ಕಾವೇರಿ ದಾಟಿ, ಏಪ್ರಿಲ್ ಮೊದಲ ವಾರ ರಾಜಧಾನಿಯ ಪಶ್ಚಿಮಕ್ಕೆ ಬಂದು ನಿಂತಿತು. ಮಾರ್ಚ್ 6ರಂದು ಸಿದ್ದೇಶ್ವರದಲ್ಲಿ ಟಿಪ್ಪುವಿನ ದಾಳಿಯನ್ನು ತಡೆದಿದ್ದ ಮುಂಬಯಿ ಸೈನ್ಯವೂ ಕೊಡಗಿನ ಅರಸನ ನೆರವಿನಿಂದ ಬಂದು ಸೇರಿತು.

ಹ್ಯಾರಿಸನಿಗೂ ಸಮಯದ ಭಯವಿತ್ತು. ಮೇ ಕಳೆದರೆ ಕಾವೇರಿ ತುಂಬುತ್ತದೆ, ಪಡಿತರವೂ ತಳ ಕಾಣುತ್ತಿತ್ತು. ಇನ್ನು ಕೆಲವು ವಾರ ತಡೆದಿದ್ದರೆ 1791 ಮರುಕಳಿಸಬಹುದಿತ್ತು. ವಾಯವ್ಯ ಮೂಲೆಯ ಗೋಡೆ ಅಷ್ಟು ಕಾಲಾವಕಾಶ ಕೊಡಲಿಲ್ಲ. ಅಲ್ಲಿ ಕಂಡಿ ಬಿದ್ದ ಮರುದಿನ, ಮೇ 4ರ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ, ಬೇಸಗೆಯಲ್ಲಿ ಬತ್ತಿದ ನದಿಯ ಬಂಡೆಗಳ ಮೇಲೆ ಡೇವಿಡ್ ಬೇರ್ಡ್ ತನ್ನ ಪಡೆಯನ್ನು ನಡೆಸಿದ. ಹಿಂದಿನ ಪೊಳ್ಳಿಲೂರು ಕಾಳಗದಲ್ಲಿ ಸೆರೆಸಿಕ್ಕು ಇದೇ ಕೋಟೆಯಲ್ಲಿ ವರ್ಷಗಟ್ಟಲೆ ಬಂದಿಯಾಗಿದ್ದವನು ಅವನು. ಸಂಜೆಯ ಹೊತ್ತಿಗೆ ಟಿಪ್ಪು ನೀರಿನ ಬಾಗಿಲಿನ ಬಳಿ ಹೆಣಗಳ ರಾಶಿಯಲ್ಲಿ ಸತ್ತುಬಿದ್ದಿದ್ದ.

ಕೋಟೆ ಬಿದ್ದುದು ದ್ರೋಹದಿಂದಲೋ ಫಿರಂಗಿಯಿಂದಲೋ ಎಂಬ ಚರ್ಚೆ ಇಂದಿಗೂ ಇದೆ. ಲಗ್ಗೆಯ ಹೊತ್ತಿಗೆ ಟಿಪ್ಪುವಿನ ಅಧಿಕಾರಿ ಮೀರ್ ಸಾದಿಕ್ ಸಂಬಳ ಹಂಚುವ ನೆಪದಲ್ಲಿ ಕಂಡಿಯ ಕಾವಲುಗಾರರನ್ನು ಕರೆಸಿಕೊಂಡ ಎಂಬ ಮಾತು ಜನರ ನೆನಪಿನಲ್ಲಿ ಗಟ್ಟಿಯಾಗಿ ನಿಂತಿದೆ. ಅವನು ಅದೇ ದಿನ ಮೈಸೂರಿನ ಸೈನಿಕರ ಕೈಯಲ್ಲೇ ಸತ್ತ. ಮೊಹಿಬ್ಬುಲ್ ಹಸನ್ ತಮ್ಮ ಟಿಪ್ಪು ಚರಿತ್ರೆಯಲ್ಲಿ ಅಧಿಕಾರಿಗಳ ಒಳಸಂಚಿಗೆ ಮಹತ್ವ ಕೊಡುತ್ತಾರೆ. ಮಾರ್ಕ್ ವಿಲ್ಕ್ಸ್ ಮುಂತಾದ ಹಿಂದಿನ ಇಂಗ್ಲಿಷ್ ಚರಿತ್ರಕಾರರು ಟಿಪ್ಪುವಿನ ತಪ್ಪು ಲೆಕ್ಕಾಚಾರವನ್ನು ಬೊಟ್ಟು ಮಾಡುತ್ತಾರೆ. ಎರಡನ್ನೂ ಒಪ್ಪಿದರೂ ಒಂದು ಮಾತು ಉಳಿಯುತ್ತದೆ: ರಾಜ್ಯದ ಬಲವೆಲ್ಲ ಒಂದೇ ಗೋಡೆಯ ಹಿಂದೆ ಸೇರಿದ್ದರಿಂದ, ಒಂದೇ ಮಧ್ಯಾಹ್ನದಲ್ಲಿ ರಾಜ್ಯವೂ ಹೋಯಿತು.

ಜ್ವರದ ದ್ವೀಪದಿಂದ ಹಲಸೂರಿನ ಬಯಲಿಗೆ

1799ರ ಜೂನ್ 30ರಂದು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನಲ್ಲಿ ಪಟ್ಟವಾಯಿತು. ಹಳೆಯ ಅರಮನೆ ಇಲ್ಲದ್ದರಿಂದ ಪಟ್ಟಾಭಿಷೇಕ ಚಪ್ಪರದಡಿಯಲ್ಲಿ ನಡೆಯಿತು. ನಜರಬಾದಿಗೆ ಹೋಗಿದ್ದ ಕಲ್ಲುಗಳು ಮತ್ತೆ ಮೈಸೂರಿಗೆ ಬಂದವು. ಒಪ್ಪಂದದಂತೆ ಕಂಪನಿಯ ಸಹಾಯಕ ಸೈನ್ಯಕ್ಕಾಗಿ ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕೊಡಬೇಕಾಯಿತು. ಶ್ರೀರಂಗಪಟ್ಟಣದ ದ್ವೀಪವನ್ನು ಕಂಪನಿ ತನ್ನಲ್ಲೇ ಇಟ್ಟುಕೊಂಡು ಅಲ್ಲಿ ಸೈನ್ಯವನ್ನಿರಿಸಿತು.

ಬದಲಾದ ಯುದ್ಧರೀತಿಯ ಮೊದಲ ಪರೀಕ್ಷೆ ಧೋಂಡಿಯ ವಾಘನಿಂದ ಬಂತು. ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದ ಅವನು ಬಿದನೂರು ಸೀಮೆಯಲ್ಲಿ ದಂಡು ಕಟ್ಟಿ, ಕೋಟೆಯಿಂದ ಕೋಟೆಗೆ ಸರಿಯುತ್ತ ತುಂಗಭದ್ರೆ, ಮಲಪ್ರಭೆಗಳಾಚೆಗೂ ಹರಡಿದ. ಕಂಪನಿಯ ಕಡೆಯ ಸೇನಾನಿ ಆರ್ಥರ್ ವೆಲ್ಲೆಸ್ಲಿ ಅವನ ಬೆನ್ನಟ್ಟಿ 1800ರ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಕೊನೆಗಾಣಿಸಿದ. ಈ ಬೆನ್ನಟ್ಟುವಿಕೆಗೆ ಬಲ ಕೊಟ್ಟವು ಮೈಸೂರಿನ ಎತ್ತುಗಳು. ಹೈದರನ ವೇಗ ಈಗ ಕಂಪನಿಯದಾಗಿತ್ತು.

ಶ್ರೀರಂಗಪಟ್ಟಣದ ಕೋಟೆ ಕೊನೆಯ ಬಾರಿ ಬಂಡಾಯಕ್ಕೆ ಬಾಗಿಲು ತೆರೆದದ್ದು 1809ರಲ್ಲಿ. ಈ ಸಲ ಒಳಗಿದ್ದವರು ಕಂಪನಿಯ ಅಧಿಕಾರಿಗಳೇ. ಮದ್ರಾಸಿನ ಗವರ್ನರ್ ಜಾರ್ಜ್ ಬಾರ್ಲೋ ತಮ್ಮ ಭತ್ಯೆಗಳಿಗೆ ಕತ್ತರಿ ಹಾಕಿದನೆಂದು ಮದ್ರಾಸ್ ಸೈನ್ಯದ ಯೂರೋಪಿಯನ್ ಅಧಿಕಾರಿಗಳು ಸರ್ಕಾರದ ವಿರುದ್ಧ ತಿರುಗಿಬಿದ್ದು ಕೋಟೆಯ ಬಾಗಿಲು ಹಾಕಿಕೊಂಡರು. ಅವರನ್ನು ಕೂಡಲು ಚಿತ್ರದುರ್ಗದಿಂದ ಹೊರಟ ಎರಡು ಪಟಾಲಮುಗಳನ್ನು ಸರ್ಕಾರದ ಪರವಾದ ಕುದುರೆ ಪಡೆ, ದಿವಾನ್ ಪೂರ್ಣಯ್ಯನ ಆಡಳಿತ ಕಳಿಸಿದ ಮೈಸೂರು ಸವಾರರೊಂದಿಗೆ ದಾರಿಯಲ್ಲೇ ಚದುರಿಸಿತು. ಆಗಸ್ಟ್‌ನಲ್ಲಿ ಬಂಡಾಯಗಾರರು ಶರಣಾದರು.

ಅದೇ ವರ್ಷ ಕಂಪನಿಯ ಸೈನ್ಯದ ನೆಲೆ ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಬಂತು. ಮುಖ್ಯ ಕಾರಣ ಮಲೇರಿಯಾ. ಶತ್ರುವನ್ನು ತಡೆಯಲೆಂದು ಆರಿಸಿದ್ದ ಕಾವೇರಿಯ ನೀರೇ ಸೊಳ್ಳೆಗಳ ತವರಾಗಿ, ಕಾದಾಟದಲ್ಲಿ ಉಳಿದವರನ್ನು ಜ್ವರ ಕೊಂಡೊಯ್ಯುತ್ತಿತ್ತು. ಬೆಂಗಳೂರಿನ ಗಾಳಿ ತಂಪು, ನೆಲ ಎತ್ತರ, ಮದ್ರಾಸಿನ ಹಾದಿ ಹತ್ತಿರ. ಕೆಡವಿದ ಕೋಟೆಯನ್ನು ಪೂರ್ಣಯ್ಯನ ಕಾಲದಲ್ಲಿ ದುರಸ್ತಿ ಮಾಡಲಾಗಿತ್ತು. ಆದರೂ ಹೊಸ ನೆಲೆ ಅದರೊಳಗೆ ಹೋಗಲಿಲ್ಲ. ಪೇಟೆಯ ಈಶಾನ್ಯಕ್ಕೆ ಹಲಸೂರಿನ ಬಯಲಿನಲ್ಲಿ ಕವಾಯತು ಮೈದಾನ, ಬ್ಯಾರಕುಗಳು, ಬಂಗಲೆ, ಚರ್ಚು, ಬಜಾರುಗಳು ಎದ್ದವು. ಸುತ್ತ ಗೋಡೆ ಇರಲಿಲ್ಲ. ಯಾರೂ ಮುತ್ತಿಗೆ ಹಾಕಲು ಬಾರದ ನಾಡಿನಲ್ಲಿ ಸೈನ್ಯಕ್ಕೆ ಬೇಕಾದದ್ದು ಹೊರಡಲು ರಸ್ತೆ, ಉಳಿಯಲು ಆರೋಗ್ಯ, ತಿಂಗಳು ತಿಂಗಳು ಬರುವ ಹಣ.

1830ರಲ್ಲಿ ನಗರ ಸೀಮೆಯ ರೈತರ ದಂಗೆ ಎದ್ದಾಗ ಮಲೆನಾಡಿನ ಹಳೆಯ ಕೋಟೆಗಳು ಮತ್ತೆ ಆಸರೆಯಾದವು. ಅದನ್ನು ಅಡಗಿಸಲು ಬೆಂಗಳೂರಿನ ದಂಡೇ ಹೋಗಬೇಕಾಯಿತು. ಆ ದಂಗೆಯನ್ನೇ ಕಾರಣ ಮಾಡಿ 1831ರಲ್ಲಿ ಕಂಪನಿ ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡಿತು. ಕಮಿಷನರುಗಳ ಆಳ್ವಿಕೆಯಲ್ಲಿ ಬೆಂಗಳೂರು ಸೈನ್ಯದ ನೆಲೆಯಷ್ಟೇ ಅಲ್ಲದೆ ಆಡಳಿತದ ಕೇಂದ್ರವೂ ಆಯಿತು. 1834ರಲ್ಲಿ ಮದ್ರಾಸ್ ಸ್ಯಾಪರ್ಸ್ ಪಡೆ ಬಂದು ಹಲಸೂರಿನಲ್ಲಿ ನೆಲೆಯೂರಿತು. 1864ರಲ್ಲಿ ಜೋಲಾರ್‌ಪೇಟೆಯಿಂದ ಬಂದ ಮೊದಲ ರೈಲು ನಿಂತದ್ದು ದಂಡಿನ (ಕಂಟೋನ್ಮೆಂಟ್) ನಿಲ್ದಾಣದಲ್ಲಿ. ಮದ್ರಾಸ್ ಸೈನ್ಯದ ಹಿಂದೆ ಬಂದ ತಮಿಳು ವ್ಯಾಪಾರಿಗಳು, ಕೆಲಸಗಾರರು ಇಲ್ಲೇ ನಿಂತರು. ಕನ್ನಡದ ಪೇಟೆಯೂ ತಮಿಳು, ಉರ್ದು, ಇಂಗ್ಲಿಷಿನ ದಂಡೂ ಪಕ್ಕಪಕ್ಕದಲ್ಲಿ, ಬೇರೆಬೇರೆ ಊರುಗಳಂತೆ ಬೆಳೆದವು.

ಎರಡು ನೆಲೆಗಳ ಲೆಕ್ಕ 1881ರಲ್ಲಿ ಚುಕ್ತಾ ಆಯಿತು. ಶ್ರೀರಂಗಪಟ್ಟಣದ ದ್ವೀಪಕ್ಕಾಗಿ ಅಲ್ಲಿಯವರೆಗೆ ಮೈಸೂರು ಕಂಪನಿಗೂ ಮುಂದೆ ಬ್ರಿಟಿಷ್ ಸರ್ಕಾರಕ್ಕೂ ವರ್ಷಕ್ಕೆ 50,000 ರೂಪಾಯಿ ಗುತ್ತಿಗೆ ಕೊಡುತ್ತಿತ್ತು. ಆ ವರ್ಷ ರಾಜ್ಯವನ್ನು ಒಡೆಯರಿಗೆ ಮರಳಿಸುವಾಗ ಬ್ರಿಟಿಷರು ದ್ವೀಪವನ್ನು ಬಿಟ್ಟುಕೊಟ್ಟು, ಅದಕ್ಕೆ ಬದಲಾಗಿ ಬೆಂಗಳೂರಿನ ದಂಡು ಪ್ರದೇಶವನ್ನು ತಮ್ಮ ಆಡಳಿತದಲ್ಲಿ ಉಳಿಸಿಕೊಂಡರು. ಎರಡು ಯುದ್ಧಗಳಲ್ಲಿ ಯಾವ ಕೋಟೆಗಾಗಿ ಸಾವಿರಾರು ಜನ ಸತ್ತಿದ್ದರೋ ಅದು ಬಯಲಿನ ಒಂದು ತುಂಡು ನೆಲಕ್ಕೆ ವಿನಿಮಯವಾಯಿತು. ಆ ನೆಲ ಮೈಸೂರಿಗೆ ಮರಳಿದ್ದು 1947ರಲ್ಲಿ. ಪೇಟೆ ಮತ್ತು ದಂಡಿನ ಪುರಸಭೆಗಳು 1949ರಲ್ಲಿ ಒಂದೇ ನಗರಸಭೆಯಾದವು.

ಇಂದು ಬೆಂಗಳೂರು ಕೋಟೆಯಲ್ಲಿ ಉಳಿದಿರುವುದು ದೆಹಲಿ ಬಾಗಿಲು, ಅದರ ಆಸುಪಾಸಿನ ಗೋಡೆ, 1791ರ ಕಂಡಿಯ ಜಾಗ ತೋರಿಸುವ ಒಂದು ಕಲ್ಲುಹಲಗೆ. ಉಳಿದ ನೆಲದಲ್ಲಿ ಆಸ್ಪತ್ರೆ, ಕಾಲೇಜು, ಮಾರುಕಟ್ಟೆಗಳಿವೆ. ಸಾವನದುರ್ಗ, ನಂದಿಗಳಿಗೆ ವಾರದ ಕೊನೆಯಲ್ಲಿ ಚಾರಣಿಗರು ಹತ್ತುತ್ತಾರೆ. ಮಂಜರಾಬಾದಿನ ನಕ್ಷತ್ರ ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಚೆಂದ ಕಾಣುತ್ತದೆ. ಹಲಸೂರಿನಲ್ಲಿ ಮಾತ್ರ ಸೈನ್ಯ ಇನ್ನೂ ಇದೆ. ಹಳಗನ್ನಡದಿಂದಲೂ ದಂಡು ಎಂದರೆ ಸಾಗುವ ಸೈನ್ಯ, ಇಂದು ಇಲ್ಲಿದ್ದು ನಾಳೆ ಹೊರಡುವಂಥದ್ದು. ಮೈಸೂರು ಸೀಮೆಯಲ್ಲಿ ಅಲುಗದೆ ಉಳಿದ ಸೈನಿಕ ನೆಲೆಗೆ ಜನ ಇಟ್ಟ ಹೆಸರು ಅದೇ.